ಟೋಪಿಯಿಟ್ಟ ಅಕ್ಷರ

ಸೆಪ್ಟೆಂಬರ್ ಒಂದು. ನಾರಿನ್ ಊರಲ್ಲಿ
ಆಗಲೇ ಉಸಿರು ಕಣ್ಣಿಗೆ ಕಾಣುವಷ್ಟು ಚಳಿ.
ವ್ಯಾನು ಬಿಟ್ಟು ಇವತ್ತು ನಡೆದೇ ಹೊರಟೆವು: ನಾನು, ಬೆಗಾಯಿಮ್,
ಅವಳ ತಲೆಗಿಂತ ದೊಡ್ಡದಾದ ಎರಡು ಬಿಳಿ ರಿಬ್ಬನ್ನು,
ಪಕ್ಕದ ಮನೆಯವರು ಕೊಯ್ದು ಕೊಟ್ಟ ಐದು ಕಡ್ಡಿ ಗ್ಲಾಡಿಯೋಲಸ್.

ಹೂಗಳನ್ನು ಮೂಗಿನ ಮಟ್ಟಕ್ಕೆ ಹಿಡಿದಿದ್ದಳು.
ಇಳಿಸು ಮಗಳೇ, ದಾರಿ ಕಾಣಲ್ಲ, ಅಂದೆ.
ಕಾಣುತ್ತೆ, ಅಂದಳು.

ಹುಟ್ಟಿದಾಗ ಮೇಲ್ದುಟಿ ಮೂಗಿನವರೆಗೂ ಬಿರಿದಿತ್ತು.
ಬಸುರಿನಲ್ಲಿ ನಿನ್ನ ಹೆಂಡತಿ ಮೊಲ ತಿಂದಳು, ಅದಕ್ಕೇ, ಎಂದಳು ಅಮ್ಮ.
ಮೊಲ ಹೊಡೆದು ತಂದವನು ನಾನು.
ಮೂರು ಸಲ ಬಿಷ್ಕೆಕ್ ಆಸ್ಪತ್ರೆ. ಹೊಲಿಗೆ ಬಿಚ್ಚಿದರು, ಗೆರೆ ಉಳಿಯಿತು.
ಎಡ ಹೊಳ್ಳೆ ಕುಳಿತೇ ಇದೆ,
ಹಿಟ್ಟಿನ ಮುದ್ದೆಗೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ.

ತುಟಿ ಕೂಡಿತು; ಅಂಗುಳಲ್ಲಿ ಗಾಳಿ ನಿಲ್ಲುವುದಿಲ್ಲ ಇನ್ನೂ.
ಬ ಎನ್ನಹೋದರೆ ಮೂಗಿನಿಂದ ಮ ಬರುತ್ತದೆ.
ಬೇಸಿಗೆಯಿಡೀ ಊಟದ ಮೇಜಿನ ಮೇಲೆ ಉಣ್ಣೆಯುಂಡೆ ಇಟ್ಟು
ಆ ತುದಿಗೆ ನಾನು, ಈ ತುದಿಗೆ ಅವಳು,
ಊದಿ ಊದಿ ಗೋಲು ಹೊಡೆದೆವು.
ಬಹಳ ಸಲ ಸೋತೆ. ಬೇಕೆಂದೇ ಸೋತದ್ದಲ್ಲ.

ಗಂಟೆ ಬಾರಿಸಿತು. ಅಪ್ಪ ಅಮ್ಮಂದಿರೆಲ್ಲ ಕಿಟಕಿಗೆ.
ಟೀಚರು ಒಂದೊಂದೇ ಹೆಸರು ಕೇಳಿ ಹಲಗೆಗೆ ಏರಿಸುತ್ತಿದ್ದರು.
ಮುಂದಿನ ಬೆಂಚಿನ ಹುಡುಗನೊಬ್ಬ ಹಿಂದಕ್ಕೆ ತಿರುಗಿ
ಅವಳ ಬಾಯನ್ನೇ ನೋಡಿದ, ನೋಡುತ್ತಲೇ ಇದ್ದ,
ಸರ್ಕಸ್ಸಿಗೆ ಟಿಕೆಟ್ ಕೊಂಡವನಂತೆ.
ಎದ್ದು ನಿಂತಳು. ಕೆನ್ನೆ ಉಬ್ಬಿಸಿದಳು.
ಗಾಜಿನಾಚೆಯಿಂದ ನನಗೆ ಉಣ್ಣೆಯುಂಡೆ ಕಂಡಿತು.

ಮೆಗಾಯಿಮ್.

ಟೀಚರು ಹಾಗೆಯೇ ಬರೆದರು.

ನನ್ನ ಬೆರಳ ಗೆಣ್ಣು ಗಾಜಿಗೆ ತಾಗುವ ಮೊದಲೇ
ಹೂವನ್ನು ಬೆಂಚಿನ ಮೇಲೆ ಒಗೆದು ಹಲಗೆಗೆ ನಡೆದಳು,
ಮೊದಲಕ್ಷರವನ್ನು ಅಂಗೈಯಿಂದ ಒರೆಸಿದಳು,
ಕೇಳದೆಯೇ ಚಾಕ್ ತೆಗೆದು
ತಲೆಗೆ ಟೋಪಿ, ಕೆಳಗೆ ಡೊಳ್ಳುಹೊಟ್ಟೆ ಇರುವ
ಆ ಅಕ್ಷರವನ್ನು ಬರೆದಳು.
ಹೊಟ್ಟೆ ಬೆನ್ನಿನ ಕಡೆಗಾಗಿತ್ತು. ಆಗಲಿ.
ಮತ್ತೆ ನಮ್ಮೆಲ್ಲರ ಕಡೆಗೆ ತಿರುಗಿದಳು,
ಇಡೀ ಮುಖ.

ಟೀಚರು ಕೆಂಪಾದರು. ಹುಡುಗ ಇನ್ನೂ ನೋಡುತ್ತಲೇ ಇದ್ದ,
ಅಕ್ಷರವನ್ನೋ, ಬಾಯನ್ನೋ, ತಿಳಿಯಲಿಲ್ಲ.

ಮಧ್ಯಾಹ್ನ ಹೊಳೆಯ ಸೇತುವೆ ಮೇಲೆ ಕೇಳಿದೆ, ಹೇಗಿತ್ತು?
ಅವನು ನನ್ನ ಏಪ್ರಿಕಾಟ್ ತಿಂದ, ಅಂದಳು ಸಿಟ್ಟಿನಲ್ಲಿ.
ಬೀಜ ಮಾತ್ರ ವಾಪಸ್ ಕೊಟ್ಟ.
ಮುಷ್ಟಿ ಬಿಚ್ಚಿ ತೋರಿಸಿದಳು:
ಚಾಕಿನ ಪುಡಿ ಮೆತ್ತಿದ ಅಂಗೈ,
ನಡುವೆ ಆ ಬೀಜ, ಇನ್ನೂ ಒದ್ದೆ.