ಕೊನೆಯ ಎಸ್

ಸೂರ್ಯಕಾಂತಿ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ ಮಡಕೆ.
ಮ್ಲಾದೆನ್ ಅದನ್ನು ಟ್ರ್ಯಾಕ್ಟರಿನ ಸೀಟಿನಲ್ಲಿಟ್ಟು, ಕೋಟು ಹೊದಿಸಿ,
ಜ್ವರದ ಮಗುವನ್ನು ತರುವ ಹಾಗೆ ಮ್ಯೂಸಿಯಮ್ಮಿಗೆ ತಂದ.
ನೂರಾ ಹದಿನಾಲ್ಕು ಬೆಳ್ಳಿ. ಒಂದನ್ನೊಂದು ಕಚ್ಚಿಕೊಂಡು
ಹಸಿರುಗಟ್ಟಿದ ಒಂದೇ ಹೆಂಟೆ.

ಡಾನ್ಯೂಬಿನ ಮಂಜು ಕಿಟಕಿಗೆ ಬಂದು ಕೂರುತ್ತದೆ.
ನನ್ನ ಮುಂದೆ ಹತ್ತಿ, ಬಟ್ಟಿ ಇಳಿಸಿದ ನೀರು, ಮುಳ್ಳುಹಂದಿಯ ಮುಳ್ಳು.
ದಿನಕ್ಕೆ ಮೂರು ನಾಣ್ಯ, ಹೆಚ್ಚಿಲ್ಲ.

ಮೊದಲು ಮೂಗು ಏಳುತ್ತದೆ, ಆಮೇಲೆ ಗದ್ದ,
ಆಮೇಲೆ ತಲೆಯ ಸುತ್ತ ನೊಣದಂತೆ ಮುತ್ತಿದ ಅಕ್ಷರ.
ಜಾಗ ಸಾಲದೆ ಎಲ್ಲವೂ ಮೊಟಕು:
ನಾಡಿನ ತಂದೆ ಅನ್ನಲು ಬರೀ ಪಿ, ಪಿ.
ತಂದೆಗೊಂದು, ನಾಡಿಗೊಂದು.
ಹಿಂಬದಿಗೆಲ್ಲ ಹೆಂಗಸರು. ತಕ್ಕಡಿ ಹಿಡಿದವಳು ನ್ಯಾಯ,
ಕಂಬಕ್ಕೊರಗಿದವಳು ನೆಮ್ಮದಿ,
ಬಾವುಟ ಹಿಡಿದವಳು ಸೈನ್ಯದ ನಿಷ್ಠೆ.
ಯಾವುದು ಕೈತಪ್ಪುತ್ತಿತ್ತೋ ಅದರ ಹೆಸರನ್ನೇ
ಅವಸರದಲ್ಲಿ ಅಚ್ಚಿಗೆ ಹಾಕಿದರೇನೋ.

ನಿನ್ನೆಯದು ಎಪ್ಪತ್ತೊಂದನೆಯದು.
ಟೋಪಿ ಹಿಡಿದು ನಿಂತವಳು. ಲಿಬೆರ್ತಾಸ್.
ಬಿಡುಗಡೆಯಾದ ಗುಲಾಮನ ತಲೆಗಿಡುವ ಟೋಪಿ ಅದು.
ಎಂಟಕ್ಷರದಲ್ಲಿ ಏಳು ಸರಿ.
ಕೊನೆಯ ಎಸ್ ಉಲ್ಟಾ.

ಅಚ್ಚು ಕೊರೆಯುವವನ ಬದುಕೇ ಹಿಂದುಮುಂದು.
ಉಲ್ಟಾ ಕೊರೆದರೆ ಬೆಳ್ಳಿಯಲ್ಲಿ ನೇರ.
ಟಂಕಸಾಲೆಯ ಹೊಗೆಯಲ್ಲಿ,
ತಾನೇ ಯಾರದೋ ಲೆಕ್ಕಪುಸ್ತಕದ ಒಂದು ಸಾಲಾಗಿದ್ದವನು
ಏಳನ್ನು ಸಾಮ್ರಾಜ್ಯಕ್ಕೆಂದು ಕೊರೆದು
ಒಂದನ್ನು ಮಾತ್ರ
ತನ್ನ ಕಣ್ಣಿಗೆ ನೆಟ್ಟಗೆ ಕಾಣಲೆಂದು ಕೊರೆದ.
ಇಲ್ಲವೇ ತೂಕಡಿಸಿದ. ಹೇಳಲಾರೆ.

ಅಪ್ಪ ಸಕ್ಕರೆ ಕಾರ್ಖಾನೆಯ ಗೋಡೆಗೆ ಘೋಷಣೆ ಬರೆಯುತ್ತಿದ್ದ,
ಕೆಂಪು ಬಣ್ಣ, ಆಳೆತ್ತರದ ಅಕ್ಷರ.
ಒಂದು ಮೇ ತಿಂಗಳು ಒಂದಕ್ಷರ ತಪ್ಪಿತು.
ಮೂರು ದಿನ ಮನೆಗೆ ಬರಲಿಲ್ಲ.
ಬಂದವನು ಕೈ ತೊಳೆದು ಊಟಕ್ಕೆ ಕೂತ.
ಬೇಕೆಂದೇ ತಪ್ಪಿದೆಯಾ, ಕೇಳಿದಳು ಅಮ್ಮ.
ಉಪ್ಪು ಕೊಡು, ಅಂದ.

ಪಟ್ಟಿಯಲ್ಲಿ ತುಂಬಬೇಕು:
ತೂಕ ಮೂರು ಗ್ರಾಂ. ಅಂಚು ಸವಕಲು. ಕೆತ್ತನೆಯಲ್ಲಿ
ಇಲ್ಲಿಗೆ ಬಂದು ನನ್ನ ಪೆನ್ನು ನಿಂತಿದೆ,
ಚಹಾ ಆರಿದೆ.

ಸುಮ್ಮನೆ, ಮೇಣದ ಬಿಲ್ಲೆಗೆ ನಾಣ್ಯವನ್ನೊತ್ತಿ ಎತ್ತಿದೆ.
ಮೇಣದಲ್ಲಿ ಮತ್ತೆ ಅವನ ಅಚ್ಚು:
ಏಳು ತಿರುಗಿ ನಿಂತಿವೆ, ಬೆನ್ನು ಹಾಕಿ.
ಅವನದೊಂದು
ನನ್ನ ಕಡೆಗೆ.