ಗೋಡೆಯಿಂದ ಒಂದು ಹಾಸಿಗೆ

ನಾನು ಹಾಡಿದವಳಲ್ಲ. ಬಾರಿಸಿದವಳೂ ಅಲ್ಲ.
ಕೆಂಪು ಗುಂಡಿ ಒತ್ತಿ
ಉಸಿರು ಬಿಗಿಹಿಡಿದು ಕೂತಿದ್ದವಳು.
ಹಾಗಾಗಿ ನನ್ನನ್ನು ಯಾರೂ ಕೇಳಿಲ್ಲ,
'ತೂಕದ ಕಲ್ಲು' ಹೇಗಿತ್ತು ಅಂತ.

ಅರಳೆಪೇಟೆಯ ಗಲ್ಲಿ. ಮಹಡಿ ಮೇಲೆ
ದಾವಲ್‌ನ ಅಪ್ಪನ ಹಾಸಿಗೆ ಗೋಡೌನು.
ಸ್ಟುಡಿಯೋಕ್ಕೆ ದುಡ್ಡೆಲ್ಲಿ?
ನಾಲ್ಕೂ ಗೋಡೆಗೆ ಹಾಸಿಗೆ ನಿಲ್ಲಿಸಿದೆವು,
ಬೂರುಗದ ಹತ್ತಿ, ಪಟ್ಟೆಪಟ್ಟೆ ಬಟ್ಟೆ,
ಬಾಗಿಲಿಗೂ ಒಂದು.
ಕೆಮ್ಮಿದರೆ ಕೆಮ್ಮು ಹತ್ತಿಯೊಳಗೆ ಹೋಗಿ
ವಾಪಸ್ಸು ಬರುತ್ತಿರಲಿಲ್ಲ.

ಕೆಳಗೆ ಅವರಪ್ಪ ಹತ್ತಿ ಹಿಂಜುತ್ತಿದ್ದರು.
ಬಿಲ್ಲಿನ ನರ ಟಂಯ್, ಟಟಂಯ್.
ಡೆನ್ಜಿಲ್ ಗಿಟಾರು ಪಕ್ಕಕ್ಕಿಟ್ಟು ಹೇಳಿದ:
"ಬೇಸ್‌ಗೆ ಯಾರನ್ನೂ ಹುಡುಕಬೇಡ ಮಚ್ಚಾ, ಇದ್ದಾರೆ."
ಕಿಟಕಿಯಿಂದ ಮೈಕು ಇಳಿಬಿಟ್ಟೆ.
ಮೊದಲ ಆಲ್ಬಮ್ಮಿನ ಐದೂ ಹಾಡಿಗೆ ಬೇಸ್ ಅದೇ.
ಅವರಿಗೆ ಹೇಳಲಿಲ್ಲ. ಹೇಳಿದ್ದರೆ
ತಾಳ ಸರಿಮಾಡಿಕೊಂಡುಬಿಡುತ್ತಿದ್ದರು.

ಪಿಳ್ಳಪ್ಪ ಬರುತ್ತಿದ್ದುದು ಎಂಟೂವರೆಗೆ,
ಕಲಾಸಿಪಾಳ್ಯದ ಮಂಡಿಯಲ್ಲಿ ಹರಾಜು ಕೂಗಿ
ಗಂಟಲು ಕಾದ ಕಾವಲಿಯಾಗಿರುವಾಗ.
ಒಂದೇ ಉಸಿರಿಗೆ ಇಪ್ಪತ್ತು ಮೂಟೆ ಕೋಸು ಮಾರುವವನಿಗೆ
ಹದಿನಾರು ಸಾಲು ಯಾವ ಲೆಕ್ಕ?
ಅಂಗಿ ಮೇಲೆ ಇನ್ನೂ ಕೊತ್ತಂಬರಿ ಎಸಳು.
"ಒಂದ್ ಸಾರಿ... ಎರಡ್ ಸಾರಿ... ಮೂರ್ ಸಾರಿ!"
ಮೂರಕ್ಕೆ ದಾವಲ್‌ನ ಕೋಲು ಬೀಳಬೇಕು.
ನಮ್ಮ ಎಣಿಕೆ ಅಷ್ಟೇ.

    ಸೊಪ್ಪಿನ ಬೆಲೆ ಸೊನ್ನೆ, ಸೊಪ್ಪು ತಂದವನು ಸೊನ್ನೆ,
    ತಕ್ಕಡಿ ಹಿಡಿದ ಕೈಗೆ ಮಾತ್ರ ದಿನಾ ಬೆಣ್ಣೆ

ಏಳನೇ ಟೇಕಿನ ನಡುವೆ ಮೆಟ್ಟಿಲಲ್ಲಿ ಸದ್ದು.
ಮಾಗಡಿ ರಸ್ತೆಯ ಮದುವೆ ಮನೆಯವರು,
ಡಬಲ್ ಕಾಟಿನದು ಈಗಲೇ ಬೇಕಂತೆ.
ಅವರಪ್ಪ ಒಳಗೆ ಬಂದು ಬಡಗಣ ಗೋಡೆಯದನ್ನು
ಎಳೆದುಕೊಂಡು ಹೋದರು. ವ್ಯಾಪಾರ ವ್ಯಾಪಾರವೇ.
ನಾನು ಗುಂಡಿ ಆರಿಸಲಿಲ್ಲ.
ಅದಕ್ಕೇ ಮೂರನೇ ಹಾಡಿನಿಂದಾಚೆ ಕೇಳಿ,
ಎಡಗಿವಿಯಲ್ಲಿ ಅರಳೆಪೇಟೆ ಸುರಿಯುತ್ತದೆ:
ರಿವರ್ಸ್ ಬರುವ ಟೆಂಪೋದ ರಾಗ, ಸೈಕಲ್ ಬೆಲ್ಲು,
"ಹುಷಾರು, ತಂತಿ ಇದೆ" ಎನ್ನುವ ಯಾರೋ.
ಕೇಳಿದವರು ಮೆಚ್ಚಿದರು, ಎಂಥ ಉಪಾಯ!
ಉಪಾಯವಲ್ಲ ಸ್ವಾಮಿ, ಒಂಬೈನೂರು ರೂಪಾಯಿ.

ಎರಡನೆಯದು ಕಂಪನಿಯ ಖರ್ಚಲ್ಲಿ.
ಇಂದಿರಾನಗರ, ಗಾಜಿನ ಕೋಣೆ, ಏಸಿ,
ಚಪ್ಪಲಿ ಹೊರಗೆ.
ಪಿಳ್ಳಪ್ಪನ ಸಾಲುಗಳ ನಡುವಿನ ಉಸಿರನ್ನು
ಒಬ್ಬ ಹುಡುಗ ಒಂದೊಂದಾಗಿ ಹೆಕ್ಕಿ ತೆಗೆದ,
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ.
ಕಲ್ಲು ಹೋದ ಮೇಲೆ ತೂಕಕ್ಕೆ ಏನಿಡುತ್ತೀರಿ?
ಕವರಿನ ಮೇಲೆ ಮೂವರಿಗೂ ಕಪ್ಪು ಕನ್ನಡಕ.
ಅರಮನೆ ಮೈದಾನದಲ್ಲಿ ಒಂದು ಸಂಜೆ
ಎಂಟು ಸಾವಿರ ಮಂದಿ ಜಿಗಿದರು, ಸುಳ್ಳಲ್ಲ.
ದಾವಲ್ ಮಾತ್ರ ಆಗಾಗ ನೆಲ ನೋಡುತ್ತಿದ್ದ,
ಕೆಳಗಿನಿಂದ ಏನೋ ಬರಬೇಕಿತ್ತು ಅನ್ನುವಂತೆ.

ಮೂರನೆಯದು ಇಲ್ಲ.
ಜಗಳ ಯಾಕಾಯಿತೆಂದರೆ ಮೂವರೂ ಮೂರು ಹೇಳುತ್ತಾರೆ:
ದುಡ್ಡು, ವ್ಯಾನಿನ ಡೀಸೆಲ್ಲು,
ಹೊಸೂರು ರಸ್ತೆಯ ಟೀ ಅಂಗಡಿಯಲ್ಲಿ ಮರೆತ ಸಿಂಬಲ್ಲು.
ನನಗೆ ಗೊತ್ತಿರುವುದು, ಅದೇ ತಿಂಗಳು
ಅಂಗಡಿಗೆ ಫೋಮ್ ಬಂತು. ಬಿಲ್ಲು ಮೊಳೆಗೆ ಏರಿತು.
ಫೋಮನ್ನು ಯಾರೂ ಹಿಂಜುವುದಿಲ್ಲ.
ಹಾರ್ಡ್ ಡಿಸ್ಕಿನಲ್ಲಿ ಉಳಿದಿರುವುದು ಆರು ಸೆಕೆಂಡು:
"ಒಂದ್ ಸಾರಿ... ಎರಡ್ ಸಾರಿ..."
ಆಮೇಲೆ ಕುರ್ಚಿ ಸರಿದ ಸದ್ದು.

ಮಾಗಡಿ ರಸ್ತೆಯ ಆ ಮದುಮಕ್ಕಳಿಗೆ
ಈಗ ಕಾಲೇಜಿಗೆ ಹೋಗುವ ಮಗಳಿರಬಹುದು.
ಹಾಸಿಗೆ ಗಂಟುಗಂಟಾಗಿ, ನಡು ಕುಸಿದು,
ಹಿಂಜಿಸಬೇಕು ಹಿಂಜಿಸಬೇಕು ಅನ್ನುತ್ತಿರಬೇಕು ಆಕೆ.
ಹಿಂಜುವವರು ಸಿಕ್ಕಿದರೆ ಹೇಳಿ,
ಮೆಲ್ಲಗೆ ಬಿಚ್ಚಲಿ.
ಎರಡು ಹಾಡು, ಆರು ಟೇಕು,
ನನ್ನದೊಂದು ಕೆಮ್ಮು
ಅದರಲ್ಲಿದೆ.