ಕ್ಯೂ ಎಂಬ ಉಪ್ಪು

ಬೆಳಗಿನ ಐದಕ್ಕೆ ನಾನೇ ತೂಗಿ ಕಟ್ಟಿದ್ದು,
ನಲವತ್ತೆರಡು ಪೊಟ್ಟಣ, ಎಲ್ಲದರ ಮೇಲೂ ಒಂದೇ ಅಕ್ಷರ: ಕ್ಯೂ.
ಒಳಗೇನೆಂದು ಬಲ್ಲವನು ನಾನೊಬ್ಬ,
ಬಿಟ್ಟರೆ ಹೆಡ್‌ಮೇಡಂ ಮೇಜಿನ ಅಂಟಿಸಿದ ಲಕೋಟೆ.
ಗೊತ್ತಿದ್ದೂ ಬಾಯಿ ಬಿಡದಿರುವುದಕ್ಕೇ
ಕಸೇಸೆಯ ಈ ಪ್ರಯೋಗಶಾಲೆಯಲ್ಲಿ ನನಗೆ ಸಂಬಳ.

ಗ್ಯಾಸಿಲ್ಲ. ಸ್ಪಿರಿಟ್ ದೀಪ ಹನ್ನೊಂದು,
ಉಳಿದವರಿಗೆ ಹಿತ್ತಿಲ ಇದ್ದಿಲೊಲೆ.
ಬೇರಿಯಂ ಸೀಸೆಯ ತಳದಲ್ಲಿ ಎರಡು ಬೆರಳಷ್ಟು.
"ಕಡ ತಂದ ಎಣ್ಣೆ ಅಂದುಕೊಳ್ಳಿ ಮಕ್ಕಳೇ,
ಹನಿ ಹನಿ."

ಮೂರನೆಯ ಸಾಲಿನ ಕೊನೆಗೆ ಕಬುಗೊ.
ನಮ್ಮ ಬಕೊಂಜೊ ಜನದಲ್ಲಿ
ಮೂರನೆಯದೂ ಹೆಣ್ಣಾದರೆ ಕಬುಗೊ,
ಹೆಸರು ಹುಡುಕುವ ಗೋಜಿಲ್ಲ;
ಒಳಗೇನಿದೆಯೆಂದು ಚೀಟಿ ಹೇಳುವುದೂ ಇಲ್ಲ.
ಅಪ್ಪ ಕಟ್ವೆ ಕೆರೆಯಲ್ಲಿ ಸೊಂಟಮಟ್ಟ ನಿಂತು
ತಳದ ಉಪ್ಪುಗಲ್ಲನ್ನು ಹಾರೆಯಿಂದ ಮೀಟುವವನು.

ಪೊಟ್ಟಣ ಬಿಚ್ಚಿದವಳೇ ಕಿರುಬೆರಳು ಅದ್ದಿ
ನಾಲಿಗೆಯತ್ತ ಒಯ್ದಳು.
"ಏಯ್!"
ಇಡೀ ಕೋಣೆ ತಿರುಗಿತು.
ನೆಲ ನೋಡಿದಳು, ಕೈ ತೊಳೆದಳು, ಬರೆದಳು:
ಬಿಳಿಯ ಹರಳು. ವಾಸನೆಯಿಲ್ಲ.

ಕಾಯಿಸಿದರೆ ಪ್ರನಾಳದ ಕತ್ತಿಗೆ ಬೆವರು.
ಬೆಳ್ಳಗೆ ಹುರಿದ ಮೈಲುತುತ್ತಕ್ಕೆ ಅದನ್ನು ಸೋಕಿಸಿದಳು, ನೀಲಿ.
ಅಷ್ಟು ಒಣಗಿ ಕಂಡದ್ದರ ಒಳಗೂ ನೀರಿತ್ತು.

ನೀರಿಗೆ ಹಾಕಿ ಅಲ್ಲಾಡಿಸಿ, "ತಿಳಿ" ಎಂದು ಬರೆದು
ಹೊಡೆದುಹಾಕಿದಳು: "ಬಣ್ಣವಿಲ್ಲ".
ಮಸೆರೆಕ ಮೇಷ್ಟ್ರು ವರ್ಷವಿಡೀ ಬೈದದ್ದು ಇದಕ್ಕೇ.
ನೀಲಿಯೂ ತಿಳಿಯಾಗಿರಬಹುದು ಕಣ್ರೋ,
ಕಂಡದ್ದನ್ನು ಬರೆಯಿರಿ, ಗೊತ್ತಿದ್ದದ್ದನ್ನಲ್ಲ.

ಕಾಸ್ಟಿಕ್ ಸೋಡಾ ಒಂದು ಹನಿ, ಗಂಜಿ ಕಟ್ಟಿತು.
ಇನ್ನಷ್ಟು ಹೊಯ್ದರೆ ಗಂಜಿ ಮಾಯ.
ಈಗ ಗುಮಾನಿ ಮೂವರ ಮೇಲೆ: ಸೀಸ, ಸತು, ಅಲ್ಯುಮಿನಿಯಂ.
ಹೊಸ ಪ್ರನಾಳ, ಅಮೋನಿಯಾ. ಮತ್ತೆ ಗಂಜಿ.
ಇನ್ನಷ್ಟು ಹೊಯ್ಯಬೇಕು,
ಕೈ ತಡೆಯಿತು.
ಕರಗಿದರೆ ಒಬ್ಬನೇ, ಕರಗದಿದ್ದರೆ ಇನ್ನಿಬ್ಬರು.
ನನ್ನ ಮುಖದಲ್ಲೇ ಉತ್ತರ ಓದಿಯಾಳೆಂದು
ಕಿಟಕಿಗೆ ಹೋಗಿ ರ್ವೆಂಜೋರಿಯ ಮೋಡ ನೋಡುತ್ತ ನಿಂತೆ.
ತಿರುಗಿದಾಗ ಪ್ರನಾಳದ ಆಚೆಯ ಬೆಳಕು
ಈಚೆ ಬಂದಿತ್ತು.

ಬೇರಿಯಂಗೆ ಬಿಳುಪು ಇಳಿಯಿತು, ಆಮ್ಲಕ್ಕೆ ಜಗ್ಗಲಿಲ್ಲ.
ಸತು. ಸಲ್ಫೇಟು.
ಅಡಿಗೆರೆ ಎರಡು ಎಳೆದಳು, ಒಂದು ಸೊಟ್ಟ.

ಎಲ್ಲರೂ ಹೋದ ಮೇಲೆ ಜೇಬಿನಿಂದ ಕಾಗದದ ಉಂಡೆ.
"ನಮ್ಮ ಕೆರೆಯದು. ವ್ಯಾಪಾರಿ ಹಸುವಿನುಪ್ಪು ಅಂತ
ಅರ್ಧ ಬೆಲೆಗೆ ಒಯ್ತಾನೆ.
ಅಮ್ಮ ನಾಲಿಗೆಗಿಟ್ಟು, ಹೌದು, ಇದು ಊಟದ್ದಲ್ಲ, ಅಂತಾಳೆ.
ಹೇಗೆ ಗೊತ್ತು ಅಂದ್ರೆ, ಗೊತ್ತು ಅಂತಾಳೆ."
ನಮ್ಮ ಕೋಷ್ಟಕದಲ್ಲಿ ಅದಕ್ಕೆ ಮನೆಯೇ ಇಲ್ಲ.

ಆಮ್ಲ ಬಿದ್ದದ್ದೇ ಬುಸ್ಸೆಂದಿತು.
ಆ ಗಾಳಿಯನ್ನು ಸುಣ್ಣದ ತಿಳಿಗೆ ಹಾಯಿಸಿದೆವು, ಹಾಲಾಯಿತು:
ಕಾರ್ಬೊನೇಟು, ಅಮ್ಮನ ಬಾಯಿಯ ಚೌಳು.
ಸೀಸೆ ಬೋರಲು ಹಾಕಿ ಕೊನೆಯ ಬೇರಿಯಂ ಹನಿ:
ಇಲ್ಲೂ ಸಲ್ಫೇಟು, ಬೆಳಗಿನ ಪೊಟ್ಟಣದ ನೆಂಟ.
ಸಿಲ್ವರ್ ನೈಟ್ರೇಟಿನ ಕಪಾಟಿಗೆ ಬೀಗವಿದೆ. ತೆಗೆದೆ.
ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ.
ಒಡೆದ ಹಾಲಿನಂತೆ ಗರಣೆಗಟ್ಟಿತು, ಕ್ಲೋರೈಡು.
ಊಟದ್ದೂ ಇದೆ ಇದರಲ್ಲಿ, ಎಂದಳು,
ಯಾರನ್ನೋ ಜಾಮೀನಿನ ಮೇಲೆ ಬಿಡಿಸುವವಳ ಹಾಗೆ.
ಸೀಸೆ ಮುಚ್ಚುವ ಅವಸರಕ್ಕೆ ಒಂದು ಹನಿ
ಅವಳ ತೋರುಬೆರಳಿಗೆ ಸಿಡಿಯಿತು. ಬಣ್ಣವಿರಲಿಲ್ಲ.

ಸೋಮವಾರ ಬಂದಾಗ ಬೆರಳ ತುದಿ ಕಪ್ಪು,
ಬಿಸಿಲು ಮಾಡಿದ ಕೆಲಸ.
ಅಮ್ಮ ಹುಣ್ಣೆಂದು ಹೆದರಿ
ಮೊದಲು ನಿಂಬೆ, ಆಮೇಲೆ ಬೂದಿ,
ಕೊನೆಗೆ ಆ ಕೆರೆಯ ಉಪ್ಪನ್ನೇ ಹಾಕಿ ತಿಕ್ಕಿದಳಂತೆ,
ಮೂರು ಸಂಜೆ.

"ಹೋಯಿತೆ?" ಅಂದೆ.

ಬೆರಳನ್ನು ಬೆಳಕಿಗೆ ಹಿಡಿದು, ನಗದೆ,
ಪರೀಕ್ಷೆಯ ದನಿಯಲ್ಲಿ ಹೇಳಿದಳು:
"ಕಣ್ಣಿಗೆ ಕಾಣುವ ಬದಲಾವಣೆ ಇಲ್ಲ."